ಆರು ಹಲ್ಲಿನ ಸಿದ್ರಾಯ

ಈಗ ಹೇಳುವುದರಲ್ಲಿ ಒಂದು ಮಾತು ಸುಳ್ಳಾದರೂ ನನ್ನ ಬಾಯಲ್ಲಿ ಉಳಿದಿರುವ ಹತ್ತೊಂಬತ್ತು ಹಲ್ಲೂ ಇದೇ ಬೆಂಚಿನ ಮೇಲೆ ಉದುರಿ ಬೀಳಲಿ. ಹಲ್ಲಿನ ಡಾಕ್ಟರ ಬಾಗಿಲು ಎದುರಿಗೇ ಇದೆ, ಆರಿಸಿಕೊಂಡು ದೂರ ಹೋಗಬೇಕಾಗಿಲ್ಲ. ನೀವು ಹುಕ್ಕೇರಿಯಿಂದ ಹಲ್ಲು ಬೆಳ್ಳಗೆ ಮಾಡಿಸಲು ಬಂದವರು, ವಯಸ್ಸು ನಲವತ್ತರ ಆಚೆ, ಇನ್ನೂ ಕನ್ಯೆ ಸಿಕ್ಕಿಲ್ಲ. ಇಷ್ಟನ್ನು ನೀವೇ ಹೇಳಿದಿರಿ. ನಿಮ್ಮ ನಂಬರು ಬರಲು ಇನ್ನೂ ತಡ. ಅಲ್ಲಿಯವರೆಗೆ ಮಮದಾಪುರದ ಸಿದ್ರಾಯನ ಕತೆ ಕೇಳಿ. ನಿನ್ನೆಯದು, ಇನ್ನೂ ಬಿಸಿ ಆರಿಲ್ಲ.

ಎಲ್ಲ ತಾಪತ್ರಯ ಶುರುವಾದದ್ದು ಒಂದು ಸಣ್ಣ ಸಂಖ್ಯೆಯಿಂದ. ಸಿದ್ರಾಯನಿಗೆ ನಲವತ್ತೊಂದು. ಎಂಬತ್ತು ಕುರಿ, ಎರಡೆಕರೆ ಕಬ್ಬು, ಸ್ವಂತ ಮನೆ. ಕೆಳದುಟಿಯ ಒಳಗೆ ಒಂದು ಚಿಟಿಕೆ ತಂಬಾಕು ಬಿಟ್ಟರೆ ಬೇರೆ ಚಟ ಇಲ್ಲ. ಆದರೂ ಹತ್ತು ಮನೆಯವರು ಚಹಾ ಕುಡಿಸಿ, "ನೌಕರಿ ಏನೈತ್ರಿ?" ಅಂತ ಕೇಳಿ, ಬಾಗಿಲವರೆಗೂ ಬಂದು ಕಳಿಸಿಕೊಟ್ಟಿದ್ದರು. ಹನ್ನೊಂದನೆಯವಳು ಕೊಣ್ಣೂರಿನ ನಂದಾ. ಮನೆಯಲ್ಲೇ ಹೊಲಿಗೆ ಮಷಿನ್ ಇಟ್ಟುಕೊಂಡವಳು. ಅವಳನ್ನು ಅವನು ಒಮ್ಮೆ ಹಿಟ್ಟಿನ ಗಿರಣಿಯಲ್ಲಿ ನೋಡಿದ್ದ. ಹಿಟ್ಟು ಅರ್ಧ ಕಿಲೋ ಕಡಿಮೆ ಬಂತೆಂದು ಅವಳು ಗಿರಣಿಯವನನ್ನೇ ತಕ್ಕಡಿಯ ಪಕ್ಕ ನಿಲ್ಲಿಸಿಕೊಂಡು ಬೈಯುತ್ತಿದ್ದಳು. ಅವತ್ತಿನಿಂದ ಸಿದ್ರಾಯನಿಗೆ ಬೇರೆ ಯಾರೂ ಬೇಡವಾಗಿದ್ದರು.

ಈ ಸಂಬಂಧ ಕುದುರಿಸಲು ನಿಂತವನು ನೆರೆಮನೆಯ ದುಂಡೇಶ. ಕೊಣ್ಣೂರಿನವರು ಫೋನಿನಲ್ಲಿ ಹುಡುಗನ ವಯಸ್ಸು ಕೇಳಿದಾಗ, ಕಣ್ಣು ಮಿಟುಕಿಸದೆ "ಮೂವತ್ತೊಂದರಿ" ಅಂದುಬಿಟ್ಟ.

"ಹತ್ತ ವರ್ಷ ಎಲ್ಲಿ ಹೋದುವೋ ದುಂಡ್ಯಾ?" ಅಂತ ಸಿದ್ರಾಯ ಗಾಬರಿಯಾದ.

"ಕುರಿ ಹಿಂದ ಅಡ್ಡಾಡಿದ ವರ್ಷ ಲೆಕ್ಕಕ್ಕ ಹಿಡಿಬಾರದು. ಸುಮ್ಕಿರು."

ನಿನ್ನೆ ಬೆಳಿಗ್ಗೆ ಕೊಣ್ಣೂರಿನಿಂದ ಮತ್ತೆ ಫೋನು ಬಂತು. "ಸಂಜಿ ನಾಕಕ್ಕ ಬರ್ರಿ. ಹುಡುಗನ್ನ ನಮ್ಮ ಮಾಲಿಂಗಮಾಮಾ ನೋಡತಾನ." ದುಂಡೇಶನ ಮುಖ ಹಿಂಡಿದ ಬಟ್ಟೆಯಂತಾಯಿತು.

ಮಾಲಿಂಗ ನಂದಾಳ ಸೋದರಮಾವ. ಕುರಿ ಸಂತೆಯಲ್ಲಿ, ಟಗರಿನ ಕಾಳಗದಲ್ಲಿ ಹಲ್ಲು ನೋಡುವವನು. ಕಾಳಗಕ್ಕೆ ಟಗರುಗಳನ್ನು ಜೋಡಿ ಹಾಕುವುದು ಹಲ್ಲಿನ ಮೇಲೆ: ಹಾಲುಹಲ್ಲು, ಎರಡು ಹಲ್ಲು, ನಾಲ್ಕು, ಆರು, ಎಂಟು. ಆರೆಂದರೆ ಇನ್ನೂ ಹರೆಯ, ಎಂಟಾದರೆ ಪೂರ್ತಿ ಬಲಿತದ್ದು. ಕುರಿಗೆ ಮೇಲ್ಗಡೆ ಮುಂದಿನ ಹಲ್ಲೇ ಇರುವುದಿಲ್ಲ, ಹಾಗಾಗಿ ಮಾಲಿಂಗ ಕೆಳದುಟಿ ಇಳಿಸಿ ಕೆಳಗಿನ ಸಾಲು ನೋಡುತ್ತಾನೆ, ವಯಸ್ಸು ಹೇಳುತ್ತಾನೆ, ಮುಗಿಯಿತು. ತಕರಾರಿದ್ದವರು ಮರುದಿನ ಹೊತ್ತು ಮುಳುಗುವುದರೊಳಗೆ ಅದೇ ಬಾಯನ್ನು ಮತ್ತೆ ಅವನ ಮುಂದೆ ತರಬೇಕು. ತಡವಾದರೆ ಅವನು ಹೇಳಿದ್ದೇ ಖರೆ. ಮನುಷ್ಯರನ್ನೂ ಅವನು ಬಿಟ್ಟವನಲ್ಲ. ಶಾಲೆಯ ಮಾಸ್ತರರೊಬ್ಬರು ಆಕಳಿಸಿದ್ದನ್ನು ನೋಡಿ, "ಇವರಿಗೆ ಅರವತ್ತು ದಾಟೇತಿ, ಇನ್ನೂ ಯಾಕ ಪಗಾರ ಕೊಡಾಕತ್ತೀರಿ?" ಅಂದವನು.

ಸಿದ್ರಾಯನ ಕೆಳಗಿನ ಸಾಲೋ, ಮಳೆಯಲ್ಲಿ ನೆನೆದ ಮೊಳೆಗಳ ಸಾಲಿನಂತಿತ್ತು. ತಂಬಾಕು ಇಟ್ಟ ಜಾಗ ಕಂದು, ಉಳಿದದ್ದು ಹಳದಿ. ಎಡಗಡೆಯ ಒಂದು ಹಲ್ಲನ್ನು ಎಂಟು ವರ್ಷದ ಹಿಂದೆ ಅವನದೇ ಟಗರು ಹಾಯ್ದು ಅರ್ಧ ಮುರಿದಿತ್ತು.

ಅವನ ತಾಯಿ ಶೆಟ್ಟೆವ್ವ ಬಗ್ಗಿ ನೋಡಿ ಹೇಳಿದಳು: "ಈ ಬಾಯಿ ನೋಡಿದ್ರ ನಿನ್ನ ನನ್ನ ತಮ್ಮ ಅಂತಾನ ಅವಾ."

ಹಾಗೆ ಹನ್ನೊಂದು ಗಂಟೆಗೆ ದುಂಡೇಶನ ಗಾಡಿಯ ಹಿಂದೆ ಕೂತು ಸಿದ್ರಾಯ ಗೋಕಾಕಕ್ಕೆ ಬಂದ. ಇದೇ ದವಾಖಾನೆ, ಇದೇ ಬೆಂಚು. ಆಧಾರ್ ಕಾರ್ಡನ್ನು ಮನೆಯಲ್ಲೇ ಬಿಡಿಸಿದ್ದ ದುಂಡೇಶ. ಹುಟ್ಟಿದ ವರ್ಷ ಯಾರ ಕಣ್ಣಿಗೂ ಬೀಳಬಾರದಲ್ಲ.

ಬೆಂಚಿನ ಮೇಲೆ ಕೂತವರೆಲ್ಲ ಡಾಕ್ಟರರಾಗಿಬಿಟ್ಟಿದ್ದರು. ಗಲ್ಲ ಊದಿದ ಒಬ್ಬರು, "ಸ್ವಚ್ಛ ಮಾಡಿಸಬ್ಯಾಡೋ ತಮ್ಮಾ, ಇದ್ದ ಹಲ್ಲು ಸಡಿಲ ಆಗತಾವು" ಅಂದರು. ಇನ್ನೊಬ್ಬಳು, "ಮ್ಯಾಲಿನ ಹಲ್ಲಿಗೆ ಕೈ ಹಚ್ಚಿದ್ರ ಕಣ್ಣು ಹೋಗತಾವು" ಅಂದಳು.

"ನಂದು ಕೆಳಗಿನದೈತಿ, ಯಕ್ಕಾ."

"ಹಂಗಾರ ಕಿವಿ."

ಒಳಗೆ ಹೋಗುವಷ್ಟರಲ್ಲಿ ಹನ್ನೆರಡೂವರೆ. ಡಾಕ್ಟರ್ ದೀಪಾ ಕನ್ನಡಿ ಹಿಡಿದು ನೋಡಿ, "ಎಷ್ಟ ವರ್ಷದಿಂದ ಹಲ್ಲು ತೋರಿಸಿಲ್ಲ?" ಅಂತ ಕೇಳಿದರು.

"ತೋರಿಸೀನ್ರಿ, ನಕ್ಕಾಗ."

"ವಯಸ್ಸು?"

ಸಿದ್ರಾಯ ದುಂಡೇಶನ ಕಡೆ ನೋಡಿದ. ದುಂಡೇಶ ಫ್ಯಾನಿನ ಕಡೆ ನೋಡಿದ. "ಮೇಡಂರ, ಖರೆ ವಯಸ್ಸ ಬೇಕೋ, ಕೊಣ್ಣೂರಿಗೆ ಹೇಳಿದ್ದೋ?"

"ಇಂಜೆಕ್ಷನ್ ಕೊಡೂದು ಖರೆ ಮನುಷ್ಯಾಗ."

"ನಲವತ್ತೊಂದರಿ. ಹಲ್ಲು ಸಡಿಲ ಆಗತಾವಂತಲ್ರಿ?"

"ಕಲ್ಲಿನಂಗ ಕಿಟ್ಟ ಕಟ್ಟೇತಿ. ಅದನ್ನ ತಗದ್ರ ಎರಡ ದಿನ ಖಾಲಿ ಖಾಲಿ ಅನಸ್ತೈತಿ. ಸಡಿಲ ಆಗೂದು ಅದನ್ನ ಹಂಗ ಬಿಟ್ರ."

"ನಾಕ ಗಂಟೆದೊಳಗ ಹೊಸ ಹಲ್ಲ ಬರತಾವೇನ್ರಿ?"

"ಹಳೇವನ್ನ ತೊಳದು ಕೊಡತೀನಿ. ಮುರಿದದ್ದು ಒಳಗ ಹುಳುಕಾಗೇತಿ. ಕೆತ್ತಿ, ಹಲ್ಲಿನ ಬಣ್ಣದ್ದ ಸಿಮೆಂಟ್ ತುಂಬತೀನಿ. ತಂಬಾಕು ಬಿಡಬೇಕು."

"ಎಷ್ಟ ದಿನ ಬರತೈತ್ರಿ ಸಿಮೆಂಟ್?"

"ಚೆನ್ನಾಗಿ ನೋಡಿಕೊಂಡ್ರ ವರ್ಷಗಟ್ಟಲೆ."

"ವರ್ಷ ಬ್ಯಾಡ್ರಿ. ಇವತ್ತ ಸಂಜಿತನಾ ಸಾಕು."

ಮಷಿನ್ ಗುಂಯ್ ಅಂತ ಶುರುವಾಯಿತು. ಸಿದ್ರಾಯ ಕುರ್ಚಿಯ ಕೈಗಳನ್ನು ಕಾಳಗದ ಟಗರಿನ ಕೊಂಬು ಹಿಡಿದಂತೆ ಹಿಡಿದ. ಸರಿಯಾಗಿ ಅರ್ಧಕ್ಕೆ ಬಂದಾಗ ಕರೆಂಟು ಹೋಯಿತು. ಇನ್ವರ್ಟರ್ ಮೇಲೆ ದೀಪ ಉರಿಯುತ್ತಿತ್ತು, ಫ್ಯಾನು ತಿರುಗುತ್ತಿತ್ತು, ಮಷಿನ್ ಮಾತ್ರ ಸುಮ್ಮನಾಗಿತ್ತು. ಕನ್ನಡಿಯಲ್ಲಿ ನೋಡಿಕೊಂಡರೆ ಬಲಗಡೆಯ ಸಾಲು ಹಾಲು ಬಿಳುಪು, ಎಡಗಡೆ ಅದೇ ಹಳೆಯ ಕಂದು.

"ಹಿಂಗ ಹೋದ್ರ ಹೆಂಗೋ?" ಸಿದ್ರಾಯ ಅಳುವವನ ಹಾಗೆ ಕೇಳಿದ.

"ಮಾಲಿಂಗಮಾಮಾಗ ಬಲಗಡೆ ಕುಂದ್ರಾಕ ಹೇಳೂಣು" ಅಂದ ದುಂಡೇಶ.

ಒಂದು ಗಂಟೆಯಾಯಿತು. ಒಂದೂವರೆ. ಸಿದ್ರಾಯ ಗೋಡೆಯ ಗಡಿಯಾರವನ್ನೇ ನುಂಗುವ ಹಾಗೆ ನೋಡುತ್ತಿದ್ದ. ಎರಡಕ್ಕೆ ಹತ್ತು ನಿಮಿಷ ಇದ್ದಾಗ ಕರೆಂಟು ಬಂತು. ಉಳಿದ ಕಿಟ್ಟ ಹೋಯಿತು, ಇಂಜೆಕ್ಷನ್ ಬಿತ್ತು, ಹುಳುಕು ಹೋಯಿತು, ಸಿಮೆಂಟ್ ಕೂತಿತು. ನೀಲಿ ದೀಪ ಹಿಡಿದು ಗಟ್ಟಿ ಮಾಡಿ, ತಿಕ್ಕಿ ನಯಗೊಳಿಸಿ ಡಾಕ್ಟರು ಕೈ ತೊಳೆಯುವಾಗ ಮೂರೂಕಾಲು.

"ತುಟಿ ಜೋಮು ಇಳಿಯೂತನಾ ಏನೂ ತಿನ್ನಬ್ಯಾಡ್ರಿ, ತುಟಿನ ಕಡಕೋತೀರಿ. ಇವತ್ತ ಚಹಾ ಬ್ಯಾಡ, ಬಣ್ಣ ಹಿಡೀತೈತಿ. ಮತ್ತ ಆ ಹಲ್ಲಿಲೆ ಗಟ್ಟಿದ್ದು, ಅಂಟೂದು ಕಡಿಬ್ಯಾಡ್ರಿ."

ಕೊಣ್ಣೂರಿನಲ್ಲಿ ಮೊದಲು ಮುಂದೆ ಬಂದದ್ದು ಚಹಾ. ಅದರ ಪಕ್ಕ ತಟ್ಟೆ ತುಂಬ ಕರದಂಟು. ಬೆಲ್ಲ, ಅಂಟು, ಒಣ ಕೊಬ್ಬರಿ, ಗೋಡಂಬಿ ಸೇರಿ ಇಟ್ಟಿಗೆಯ ಹಾಗೆ ಗಟ್ಟಿಯಾಗಿ ಕೂತಿದ್ದ ಕರದಂಟು.

ಮಾಲಿಂಗ ಎದುರಿಗೆ ಹಗ್ಗದ ಮಂಚದ ಮೇಲೆ ಕೂತಿದ್ದ. ಸಿದ್ರಾಯನ ಬಾಯಿಯ ಮೇಲೇ ಕಣ್ಣು.

"ತಗೋ ತಮ್ಮಾ."

"ಬ್ಯಾಡ್ರಿ ಮಾಮಾ."

"ಚಹಾ?"

"ಅದೂ ಬ್ಯಾಡ್ರಿ."

ಮಾಲಿಂಗ ಹುಬ್ಬು ಏರಿಸಿದ. "ಶುಗರ್ ಐತೇನು? ನಲವತ್ತರ ಮ್ಯಾಲ ಬರತೈತಿ ಅದು."

ದುಂಡೇಶ ಮೊಣಕೈಯಿಂದ ತಿವಿದ. ಸಿದ್ರಾಯ ಕಪ್ಪು ಎತ್ತಿದ. ಕೆಳದುಟಿ ಇದೆಯೋ ಇಲ್ಲವೋ ಅವನಿಗೆ ಗೊತ್ತೇ ಆಗುತ್ತಿರಲಿಲ್ಲ. ಚಹಾ ಬಾಯಿಗೆ ಹೋದದ್ದು ಅರ್ಧ, ಬಿಳಿ ಅಂಗಿಯ ಮೇಲೆ ಇಳಿದದ್ದು ಅರ್ಧ. ಬಾಗಿಲ ಹತ್ತಿರ ನಿಂತಿದ್ದ ನಂದಾ ಒಳಗೆ ಹೋಗಿ ಒಂದು ಬಟ್ಟೆಯ ತುಂಡು ತಂದುಕೊಟ್ಟಳು. ಕೊಡುವಾಗ ನಕ್ಕಳು. ಹಂಗಿಸುವ ನಗು ಅಲ್ಲ. ಸಿದ್ರಾಯನ ಎದೆ ಗಿರಣಿಯ ಹಾಗೆ ಬಡಿದುಕೊಂಡಿತು.

ಮಾಲಿಂಗ ಊರ ಸುದ್ದಿ, ಉಣ್ಣೆಯ ದರ ಎಲ್ಲ ಮುಗಿಸುವಷ್ಟರಲ್ಲಿ ಐದಾಯಿತು. ತುಟಿಗೆ ಜೀವ ಬರತೊಡಗಿತ್ತು. ಆಗ ಅವನು ಎದ್ದು ಬಂದು, ಫೋನಿನ ಟಾರ್ಚ್ ಹಚ್ಚಿ, ಹೆಬ್ಬೆರಳಿನಿಂದ ಸಿದ್ರಾಯನ ಕೆಳದುಟಿ ಇಳಿಸಿದ. ಎಡಕ್ಕೆ ಬೆಳಕು, ಬಲಕ್ಕೆ ಬೆಳಕು. ಸಿಮೆಂಟ್ ಹಲ್ಲಿನ ಮೇಲೆ ಉಗುರಿನಿಂದ ಟಕ್ ಟಕ್ ಅಂತ ಬಡಿದ. ಸಿದ್ರಾಯ ಕಣ್ಣು ಮುಚ್ಚಿದ.

"ಖರೆ ಮಂದಿ ಅದೀರಿ" ಅಂದ ಮಾಲಿಂಗ. "ಮೂವತ್ತೊಂದ ಅಂದಿದ್ರಿ. ಅಷ್ಟೂ ಇಲ್ಲ. ಇದು ಆರ ಹಲ್ಲಿನ ಮಾಲು. ಇಪ್ಪತ್ತೆಂಟು."

ದುಂಡೇಶ ತೊಡೆ ತಟ್ಟಿಕೊಂಡ. ಸಿದ್ರಾಯನಿಗೆ ಎಂಟು ವರ್ಷದಲ್ಲಿ ಮೊದಲ ಸಲ ಬಾಯಿ ತುಂಬ ನಗು ಬಂತು.

ಮಾಲಿಂಗ ಟವೆಲ್ ಹೆಗಲಿಗೆ ಹಾಕಿಕೊಂಡು ನಿಟ್ಟುಸಿರು ಬಿಟ್ಟ. "ಅದಕ್ಕ ಈ ಸಂಬಂಧ ಆಗೂದಿಲ್ಲ."

"ಯಾಕ್ರಿ ಮಾಮಾ?"

"ನಮ್ಮ ನಂದಾಗ ಮೂವತ್ತೆಂಟ ತುಂಬೇತಿ. ಹತ್ತ ವರ್ಷ ಸಣ್ಣ ಹುಡುಗಗ ಕೊಟ್ರ ಮಂದಿ ನಗೂದಿಲ್ಲೇನು? ವಯಸ್ಸಿನಾಗ ಎಲ್ಲಾರೂ ಹತ್ತ ವರ್ಷ ಇಳಿಸಿ ಹೇಳತಾರ, ರೂಢಿ ಐತಿ. ನೀವು ಮೂವತ್ತೊಂದ ಅಂದ್ರಿ, ನಾವು ನಲವತ್ತೊಂದ ಅಂತ ಹಿಡಿದು ಕರದ್ವಿ. ಸುಳ್ಳ ಹೇಳೀರಿ ಅಂತ ನಂಬಿ ಕೂತಿದ್ವಿ. ನೀವು ನೋಡಿದ್ರ..."

ಸಿದ್ರಾಯ ಎದ್ದು ನಿಂತೇಬಿಟ್ಟ. "ಸುಳ್ಳ ಹೇಳೀವ್ರಿ ಮಾಮಾ! ನಲವತ್ತೊಂದರಿ ನನಗ! ಮಾಳಿಂಗರಾಯ ದೇವರ ಆಣಿ!"

"ಪಾಪ, ಹುಡುಗಿ ಮ್ಯಾಲ ಮನಸ ಕೂತೇತಿ" ಅಂದ ಮಾಲಿಂಗ, ಕನಿಕರದಿಂದ. "ಆಧಾರ್ ತೋರ್ಸು."

ಸಿದ್ರಾಯ ದುಂಡೇಶನ ಕಡೆ ನೋಡಿದ. ದುಂಡೇಶ ಈ ಸಲ ನೋಡಲು ಫ್ಯಾನು ಇಲ್ಲದೆ ನೆಲ ನೋಡಿದ.

"ಆಧಾರ್ ಇದ್ರೂ ಒಪ್ಪತಿರಲಿಲ್ಲ ಬಿಡು" ಅಂದ ಮಾಲಿಂಗ. " ಒಬ್ಬನ ಹೆಸರಿಗೆ ಮೂರ ಜನ್ಮತಾರೀಕು ಇರೂದು ನೋಡೀನಿ."

"ಈ ಹಲ್ಲು ಮುರಿದದ್ದರಿ! ಮ್ಯಾಲ ಇರೂದು ಸಿಮೆಂಟ್! ನೋಡ್ರಿ ಈಗ!" ಅಂತ ಸಿದ್ರಾಯ ತಟ್ಟೆಗೆ ಕೈ ಹಾಕಿ, ಇದ್ದುದರಲ್ಲೇ ದಪ್ಪನೆಯ ಕರದಂಟು ಆರಿಸಿ, ಅದೇ ಹಲ್ಲನ್ನು ಊರಿ, ಇದ್ದ ಬಲವನ್ನೆಲ್ಲ ಹಾಕಿ ಕಡಿದ.

ಕಟ್ ಅಂತ ಸದ್ದಾಯಿತು. ಎಲ್ಲರೂ ಬಗ್ಗಿ ನೋಡಿದರು.

ಮುರಿದದ್ದು ಕರದಂಟು. ಡಾಕ್ಟರ್ ದೀಪಾ ಹಾಕಿದ ಸಿಮೆಂಟ್ ಬಂಡೆಯ ಹಾಗೆ ನಿಂತಿತ್ತು.

"ಎಂಥಾ ಹಲ್ಲೋ ತಮ್ಮಾ!" ಮಾಲಿಂಗನಿಗೆ ಆನಂದ ತಡೆಯಲಾಗಲಿಲ್ಲ. "ನಾನ ತಪ್ಪಿದ್ದೆ. ಇಪ್ಪತ್ತಾರು!"

ಆಗ ನಂದಾ ಬಾಗಿಲು ಬಿಟ್ಟು ಮುಂದೆ ಬಂದಳು. "ಮಾಮಾ, ತಕರಾರಿಗೆ ಟಗರಿನೋರಿಗೆ ಒಂದ ದಿನ ಕೊಡತಿಯಲ್ಲಾ, ಇವರಿಗೂ ಕೊಡು." ಆಮೇಲೆ ಸಿದ್ರಾಯನ ಕಡೆ ತಿರುಗಿ, "ನಾಳೆ ಹೊತ್ತು ಮುಳಗೂದರೊಳಗ ಸಿಮೆಂಟ್ ತಗಸಿ ಆ ಮುರಿದ ಹಲ್ಲು ತೋರ್ಸಾಕ ಬರ್ರಿ. ತಡಾ ಮಾಡಿದ್ರ ಮಾಮಾ ಕೇಳೂದಿಲ್ಲ. ಮೊದಲ ಬಂದ ನಲವತ್ತರ ಗಂಡಿಗೆ ಮಾತು ಕೊಡತಾನ, ನಾ ಏನ ಮಾಡ್ಲಿ?" ಅಂದಳು.

ಈಗ ಒಳಗೆ ಕುರ್ಚಿಯ ಮೇಲೆ ಕೂತಿರುವವನು ಅದೇ ಸಿದ್ರಾಯ. ಬೆಳಿಗ್ಗೆ ಬಾಗಿಲು ತೆರೆಯುವ ಮುಂಚೆಯೇ ಬಂದವನು, ಎಷ್ಟು ಸಲ ಹೊರಗೆ ಕಳಿಸಿದರೂ ಮತ್ತೆ ಹೋಗಿ ಅದೇ ಕುರ್ಚಿ ಹಿಡಿಯುತ್ತಿದ್ದಾನೆ. ಕಿವಿಗೊಡಿ, ಇಲ್ಲಿಗೇ ಕೇಳಿಸುತ್ತದೆ.

"ಮೇಡಂರ, ಕೈ ಮುಗೀತೀನಿ, ಹಾಕಿದ್ದು ಕಿತ್ತ ಹಾಕ್ರಿ!"

"ಗಟ್ಟಿ ಇರೂ ಹಲ್ಲು ನಾ ಕೆಡಸಾಂಗಿಲ್ಲ. ಏಳ್ರಿ, ಹೊರಗ ಪೇಷಂಟ್ ಕಾಯಾಕತ್ತಾರ."

"ಹಂಗಾರ ಒಂದ ಚೂರು ಹಳದಿನಾರ ಮಾಡಿಕೊಡ್ರಿ!"

ನೋಡಿ, ಹೀಗಿದೆ ಅವನ ಹಣೆಬರಹ. ಹೊತ್ತು ಮುಳುಗಲು ಇನ್ನು ಎರಡು ತಾಸು ಇದ್ದೀತು. ಆ ಕೊಣ್ಣೂರಿನವರು ಕೇಳುವುದಾದರೂ ಏನು? ಆಸ್ತಿಯಲ್ಲ, ನೌಕರಿಯಲ್ಲ. ನಲವತ್ತು ದಾಟಿದ, ಹಲ್ಲಿಗೆ ಯಾವ ಡಾಕ್ಟರೂ ಕೈ ಹಚ್ಚದ ಒಬ್ಬ ಗಂಡು, ಅಷ್ಟೇ. ಮನೆಯೇನು ಹುಡುಕುವಂಥದ್ದಲ್ಲ. ಬಸ್ ಇಳಿದು ಹಿಟ್ಟಿನ ಗಿರಣಿ ದಾಟಿ ಬಲಕ್ಕೆ ಹೊರಳಿದರೆ ಮೂರನೆಯ ಬಾಗಿಲು, ಹಸಿರು ಬಣ್ಣದ್ದು, ಮುಂದೆ ಒಂದು ಟಗರು ಕಟ್ಟಿದೆ. ಹೊಲಿಗೆ ಮಷಿನ್ನಿನ ಸದ್ದು ಬೀದಿಗೇ...

ಅರೆ, ಯಾಕೆ ಎದ್ದಿರಿ? ಡಾಕ್ಟರ ಬಾಗಿಲು ಈ ಕಡೆ ಇದೆ. ನಿಮ್ಮ ನಂಬರಿನ ಚೀಟಿ ಇಲ್ಲೇ ಬಿತ್ತು ನೋಡಿ. ಹಲ್ಲು ತೊಳೆಸಿಕೊಳ್ಳದೆಯೇ ಹೊರಟಿರಾ? ಓಡಬೇಡಿ, ಅದು ಕೊಣ್ಣೂರಿನ ಬಸ್ಸು, ನಿಮ್ಮ ಹುಕ್ಕೇರಿ ಬಸ್ಸು ನಿಲ್ಲುವುದು ಆ ಕಡೆ...