ಒಂದೇ ಗೋಡೆಗೆ ಎರಡು ಕಿಟಕಿ

ಗೋಡೆಗೆ ಕಿಟಕಿ ಕೊರೆಯುವುದು ಒಂದು ವಿದ್ಯೆಯೇ ಅಲ್ಲ ಎಂಬುದು ನನ್ನ ದೃಢವಾದ ಅಭಿಪ್ರಾಯವಾಗಿತ್ತು. ಅರಸೀಕೆರೆಯ ಹೈಸ್ಕೂಲಿನಲ್ಲಿ ರೇಖಾಗಣಿತ ಕಲಿಸುವವನು ನಾನು. ಆಯತ ಎಂದರೇನು ಎಂದು ತಾಲ್ಲೂಕಿನ ಅರ್ಧ ಮಕ್ಕಳಿಗೆ ಹೇಳಿಕೊಟ್ಟವನು ಒಂದು ಆಯತವನ್ನು ಕತ್ತರಿಸಲಾರನೇ?

ಇಷ್ಟಕ್ಕೆಲ್ಲ ಕಾರಣ ಸಮುದ್ರ. ನನ್ನ ಹೆಂಡತಿ ಸರೋಜ ಸಮುದ್ರ ನೋಡಿರಲಿಲ್ಲ. ಮದುವೆಯಾದ ಹೊಸದರಲ್ಲಿ, ಮುಂದಿನ ರಜಕ್ಕೆ ಖಂಡಿತ ಕರೆದುಕೊಂಡು ಹೋಗುತ್ತೇನೆ ಎಂದಿದ್ದೆ. ಆ ರಜ ಬರುವಷ್ಟರಲ್ಲಿ ನಮ್ಮ ಮಗಳ ಮದುವೆಯೂ ಆಗಿಹೋಯಿತು. ತಪ್ಪು ಪೂರ್ತಿ ನನ್ನದಲ್ಲ. ಘಾಟಿಯಲ್ಲಿ ಬಸ್ಸು ಎರಡು ತಿರುವು ತಿರುಗಿದರೆ ಸಾಕು, ಅವಳಿಗೆ ಹೊಟ್ಟೆ ತೊಳೆಸುತ್ತಿತ್ತು. ಮಲಗಿಕೊಂಡು, ಮುಖಕ್ಕೆ ಗಾಳಿ ಬಿಟ್ಟುಕೊಂಡು ಹೋಗುವಂತಿದ್ದರೆ ತಡೆದುಕೊಂಡೇನು ಎಂದು ಒಮ್ಮೆ ಅಂದಳು. ಅದೇ ವಾರ ಒಂದು ಹಳೆಯ ಇಂಗ್ಲಿಷ್ ಪತ್ರಿಕೆಯಲ್ಲಿ, ಕಾರಿನ ಹಿಂದೆ ಕಟ್ಟಿ ಎಳೆಯುವ ಪುಟ್ಟ ಮನೆಯ ಚಿತ್ರ ಕಂಡೆ. ಮುಂದಿನದು ವಿಧಿ.

ಬಾಣಾವರದ ಗುಜರಿಯಲ್ಲಿ ಹಳೆಯ ಜೀಪ್ ಟ್ರೈಲರ್ ಸಿಕ್ಕಿತು. ಪಕ್ಕದ ಮನೆಯ ಕೊಬ್ಬರಿ ವ್ಯಾಪಾರಿ ರುದ್ರಣ್ಣ ತಮ್ಮ ಜೀಪಿಗೆ ಕಟ್ಟಿ ಎಳೆಯಲು ಒಪ್ಪಿದರು. ಟ್ರೈಲರಿನ ಮೇಲೆ ಕಬ್ಬಿಣದ ಚೌಕಟ್ಟು ನಿಲ್ಲಿಸಿ, ಹೊರಗೆ ತಗಡು, ಒಳಗೆ ಪ್ಲೈವುಡ್ ಹೊಡೆದೆ. ತಗಡು ಕಾದರೆ ಒಳಗಿದ್ದವರು ಬೇಯುತ್ತಾರೆ. ಅದಕ್ಕೆ ನಡುವೆ ಏನಾದರೂ ತುಂಬಬೇಕು. ಪತ್ರಿಕೆಯಲ್ಲಿ ಬಾಯಿಗೆ ಬಾರದ ಏನೇನೋ ಹೆಸರುಗಳಿದ್ದವು. ಅರಸೀಕೆರೆಯಲ್ಲಿದ್ದುಕೊಂಡು ಅದನ್ನೆಲ್ಲ ಹುಡುಕುವುದುಂಟೇ? ರುದ್ರಣ್ಣನವರ ಹಿತ್ತಲಲ್ಲಿ ತೆಂಗಿನ ನಾರು ಗುಡ್ಡೆಗುಡ್ಡೆಯಾಗಿ ಒಣಗುತ್ತಿತ್ತು. ಅದನ್ನೇ ಒತ್ತಿ ಒತ್ತಿ ತುಂಬಿ ಗೋಡೆ ಮುಚ್ಚಿದೆ.

"ಮೇಷ್ಟ್ರೇ, ಕಿಟಕಿಗೆ ಜಾಗಾನೇ ಬಿಡಲಿಲ್ವಲ್ಲ?" ಎಂದರು ರುದ್ರಣ್ಣ.

ನೆಂಟರು ಬಂದಾಗಲೆಲ್ಲ ಬೇಲೂರು, ಹಳೇಬೀಡು ತೋರಿಸಿ ತೋರಿಸಿ ನಾನು ಅರ್ಧ ಗೈಡ್ ಆಗಿಬಿಟ್ಟಿದ್ದೆ. "ಹೊಯ್ಸಳರು ಮೊದಲು ಕಲ್ಲು ನಿಲ್ಲಿಸ್ತಿದ್ರು, ಆಮೇಲೆ ಕೆತ್ತುತ್ತಿದ್ರು. ಗೋಡೆ ಮೊದಲು, ಕಿಟಕಿ ಆಮೇಲೆ" ಎಂದು ಅವರಿಗೆ ತಿಳಿಹೇಳಿದೆ.

"ಅವರ ಗೋಡೇಲಿ ನಾರು ಇರ್ಲಿಲ್ಲ ಬಿಡಿ" ಎಂದು ಅವರು ಎದ್ದು ಹೋದರು.

ಬೇಸಿಗೆ ರಜ ಬಂತು. ಸಮುದ್ರಕ್ಕೆ ಹೊರಡುವ ಹಿಂದಿನ ದಿನ ವೆಲ್ಡಿಂಗ್ ಅಂಗಡಿಯಿಂದ ಕಟಿಂಗ್ ಮೆಷಿನ್ ತಂದೆ. ಹೊರಗೆ ನಿಂತು, ಗೋಡೆಯ ಎಡ ತುದಿಯಿಂದ ಎರಡಡಿ ಅಳೆದು ತಗಡು ಕೊರೆದೆ. ಅಚ್ಚುಕಟ್ಟಾದ ಆಯತ. ಒಳಗೆ ಹೋಗಿ, ಎಡ ತುದಿಯಿಂದ ಎರಡಡಿ ಅಳೆದು ಗರಗಸದಿಂದ ಪ್ಲೈವುಡ್ ಕೊಯ್ದೆ. ಅದೂ ಅಚ್ಚುಕಟ್ಟು. ಇನ್ನು ನಡುವಿನ ನಾರು ಕಿತ್ತರೆ ಬೆಳಕು ಬರಬೇಕು. ಬರಲಿಲ್ಲ. ಇನ್ನಷ್ಟು ಕಿತ್ತೆ. ಕೈಗೆ ತಗಡು ಸಿಕ್ಕಿತು.

"ಸರೋಜಾ, ಸ್ವಲ್ಪ ಕಿಟಕಿ ಹತ್ರ ಬಾರೇ" ಎಂದು ಹೊರಗಿದ್ದವಳನ್ನು ಕೂಗಿದೆ.

"ಕಿಟಕಿ ಹತ್ರಾನೇ ಇದ್ದೀನಿ ಕಣ್ರೀ. ನೀವೆಲ್ಲಿದ್ದೀರಾ?"

"ನಾನೂ ಕಿಟಕೀಲೇ ಇದ್ದೀನಿ ಕಣೇ."

ಹೊರಗೆ ನಿಂತವರ ಎಡ ಒಳಗೆ ನಿಂತವರಿಗೆ ಬಲ. ಈ ಮಹಾಸತ್ಯ ರೇಖಾಗಣಿತದ ಮೇಷ್ಟ್ರಿಗೆ ಹೊಳೆದದ್ದು ಮೊಣಕೈವರೆಗೆ ನಾರಿನಲ್ಲಿ ಕೈ ತೂರಿಸಿಕೊಂಡಿದ್ದಾಗ.

ಮರುದಿನ ಬೆಳಿಗ್ಗೆ ಜೀಪು ಬಂದು ನಿಂತಿತು. ಹಾಸಿಗೆ ಹಾಸಿ, ಪುಳಿಯೋಗರೆ ಡಬ್ಬಿ ಇಟ್ಟು ಆಗಿತ್ತು. ಅವಸರ ಅವಸರವಾಗಿ ಒಳಗಿನ ಕಿಟಕಿಗೆ ಸರಿಯಾಗಿ ಹೊರಗಿನ ತಗಡನ್ನೂ ಕೊರೆದೆ. ಕಿಡಿಗಳು ಸುರುಸುರುಬತ್ತಿಯ ಹಾಗೆ ಹಾರಿದವು. ಅವು ಎಲ್ಲಿ ಹೋಗಿ ಬೀಳುತ್ತವೆ ಎಂದು ನಾನು ಯೋಚಿಸಲಿಲ್ಲ. ಅಂತೂ ಬೆಳಕು ಬಂತು. ಸರೋಜ ಮಲಗಿ, ಕಿಟಕಿಗೆ ಮುಖ ಕೊಟ್ಟು, "ಗಾಳಿ ಚೆನ್ನಾಗಿ ಬರುತ್ತೆ ಕಣ್ರೀ" ಎಂದು ಹುಡುಗಿಯ ಹಾಗೆ ನಕ್ಕಳು. ಆ ನಗು ನೆನೆದರೆ ಈಗಲೂ ಸಂಕಟವಾಗುತ್ತದೆ.

ನಾನು ಜೀಪಿನಲ್ಲಿ ರುದ್ರಣ್ಣನವರ ಪಕ್ಕ ಕೂತೆ. ಜಾವಗಲ್ ದಾಟಿದ ಮೇಲೆ ಹೊಲದಲ್ಲಿದ್ದವರು, ಸೈಕಲ್ಲಿನಲ್ಲಿದ್ದವರು ನಮ್ಮ ಕಡೆ ಎರಡೂ ಕೈ ಎತ್ತಿ ಬೀಸತೊಡಗಿದರು. ನಾನೂ ಬೀಸಿದೆ. "ನೋಡಿ ರುದ್ರಣ್ಣ, ಇಂಥ ಗಾಡಿ ಈ ಕಡೆ ಯಾರೂ ನೋಡಿಲ್ಲ" ಎಂದೆ. ಒಬ್ಬಾತ ಟವೆಲ್ ಬೀಸುತ್ತಾ ಸ್ವಲ್ಪ ದೂರ ಓಡಿಯೂ ಬಂದ. ಅವನಿಗೆ ಮಂತ್ರಿಯ ಗತ್ತಿನಲ್ಲಿ ನಮಸ್ಕಾರ ಮಾಡಿದೆ.

ಹಳೇಬೀಡಿನ ಕೆರೆಯ ಹತ್ತಿರ ಎದುರಿಂದ ಬಂದ ಲಾರಿಯವನು ಅಡ್ಡ ನಿಲ್ಲಿಸಿದ. "ಯೋ, ಹಿಂದ್ಗಡೆ ಹೊಗೆ ಬತ್ತೈತೆ, ನೋಡ್ಕಳ್ರೀ" ಎಂದ.

ನಾರು ಭಗ್ಗನೆ ಉರಿಯುವುದಿಲ್ಲ. ಒಳಗೊಳಗೇ ಕೆಂಡವಾಗಿ ಹೊಗೆಯಾಡುತ್ತದೆ, ಗಾಳಿ ತಾಗಿದಷ್ಟೂ ಜಾಸ್ತಿ. ಗಾಳಿಗೆ ನಾನೇ ಎರಡು ದಾರಿ ಮಾಡಿಕೊಟ್ಟಿದ್ದೆ. ಓಡಿಹೋಗಿ ಬಾಗಿಲು ತೆಗೆದಾಗ ಸರೋಜ ನೆಲದ ಮೇಲೆ ಕೂತು, ಬಾಯಿಗೆ ಸೆರಗು ಒತ್ತಿಕೊಂಡು, ಗೋಡೆ ಬಡಿಯುತ್ತಿದ್ದಳು. ಎಷ್ಟು ಹೊತ್ತಿನಿಂದ ಬಡಿಯುತ್ತಿದ್ದಳೋ. ಜೀಪಿನ ಸದ್ದಿನಲ್ಲಿ, ನನ್ನ ಮೆರವಣಿಗೆಯ ಸಂಭ್ರಮದಲ್ಲಿ ಕೇಳಿಸಿರಲಿಲ್ಲ. ತೋಳು ಹಿಡಿದು ಅವಳನ್ನು ಹೊರಗೆ ಇಳಿಸಿಕೊಂಡೆ.

ಊರವರು ಕೆರೆಯಿಂದ ಕೊಡಗಟ್ಟಲೆ ನೀರು ತಂದು ಸುರಿದರು. ದೇವಸ್ಥಾನಕ್ಕೆ ಬಂದಿದ್ದ ಪ್ರವಾಸಿಗಳು ಶಿಲ್ಪಗಳನ್ನು ಬಿಟ್ಟು ನಮ್ಮ ಫೋಟೋ ತೆಗೆದುಕೊಂಡರು. ಸರೋಜ ನೀರು ಕುಡಿದು, ಮಸಿ ಹತ್ತಿದ ಮುಖ ಒರೆಸಿಕೊಂಡು, "ಮನೆಗೆ ಹೋಗೋಣ ನಡೀರಿ" ಎಂದಳು. ಅಷ್ಟೇ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು.

ಅದೇ ರಜದ ಕೊನೆಯಲ್ಲಿ ರುದ್ರಣ್ಣನವರ ಹೆಂಡತಿ ವಿಮಲಮ್ಮ, ಬೀದಿಯವರನ್ನೆಲ್ಲ ಸೇರಿಸಿ ಉಡುಪಿಗೆ ಬಸ್ಸು ಮಾಡಿಸಿದರು. "ನೀವೂ ಬನ್ನಿ" ಎಂದು ಸರೋಜ ಎರಡು ಸಲ ಕರೆದಳು.

"ಬಸ್ಸಿನಲ್ಲಾ? ಇರು, ಗಾಡಿ ರಿಪೇರಿ ಮಾಡಿ ನಾನೇ ಕರ್ಕೊಂಡು ಹೋಗ್ತೀನಿ" ಎಂದು ಬಿಗುಮಾನ ಮಾಡಿದೆ. ಅವಳು ಕಾಯಲಿಲ್ಲ. ಕಾಯುವುದರಲ್ಲಿ ಅವಳಿಗೆ ಆಗಲೇ ಸಾಕಷ್ಟು ಅನುಭವವಾಗಿತ್ತು.

ವಾಪಸು ಬಂದವಳನ್ನು, "ಘಾಟೀಲಿ ಹೊಟ್ಟೆ ತೊಳೆಸಲಿಲ್ವಾ?" ಎಂದು ಕೇಳಿದೆ.

"ವಿಮಲಮ್ಮ ಒಂದು ನಿಂಬೆಹಣ್ಣು ಕೊಟ್ರು. ಮೂಸ್ತಾ ಹೋದೆ. ಏನೂ ಆಗ್ಲಿಲ್ಲ."

ಒಂದು ನಿಂಬೆಹಣ್ಣು! "ಸಮುದ್ರ ಹೇಗಿತ್ತು?" ಎಂದೆ.

"ನೋಡಿದ ತಕ್ಷಣ ಅಳು ಬಂದುಬಿಡ್ತು ಕಣ್ರೀ. ಯಾಕೋ ಗೊತ್ತಿಲ್ಲ. ಪಕ್ಕದಲ್ಲಿ ವಿಮಲಮ್ಮ ಇದ್ರು, ಅವರ ಕೈ ಹಿಡ್ಕೊಂಡೆ."

ಎಷ್ಟು ಹೊತ್ತಿಗೆ ಎಂದು ಕೇಳಿದೆ. ಸಂಜೆಯಂತೆ, ಸೂರ್ಯ ಮುಳುಗುವಾಗ. ಆ ಹೊತ್ತಿಗೆ ನಾನು ಹಿತ್ತಲಲ್ಲಿ ನಿಂತು, ಬೇಡದ ಕಡೆ ಕೊರೆದಿದ್ದ ಕಿಟಕಿಗೆ ತಗಡು ಹೊಡೆಯುತ್ತಿದ್ದೆ. ಅಳತೆ ಮಾತ್ರ ಈ ಸಲ ಸರಿಯಾಗಿತ್ತು.