ಮಾಮಾನ ಕಡ್ಡಿ ಪೆನ್ನು

ನನ್ನ ಸೋದರಮಾವನ ಮನೆಯಲ್ಲಿ ಎಲ್ಲರಿಗಿಂತ ಹೆಚ್ಚು ಉಪಚಾರ ಮಾಡಿಸಿಕೊಳ್ಳುವುದು ಅವರ ಪೆನ್ನು! ಎರಡನೆಯ ಸ್ಥಾನಕ್ಕಾಗಿ ಮಾಮಿಗೂ ಮಾಮಾನ ಮೊಣಕಾಲುನೋವಿಗೂ ಇನ್ನೂ ಪೈಪೋಟಿ ನಡೆದಿದೆ.

ಮಾಮಾ ಅಕ್ಕಲಕೋಟದ ಕೋರ್ಟಿನಲ್ಲಿ ಗುಮಾಸ್ತರಾಗಿದ್ದು ನಿವೃತ್ತರಾದವರು. ಪೆನ್ನು ಅವರ ತಂದೆಯ ಕಾಲದ್ದು. ಅದರ ಪಕ್ಕೆಯಲ್ಲಿ ಹಿತ್ತಾಳೆಯ ಸಣ್ಣ ಕಡ್ಡಿ. ನಿಬ್ಬನ್ನು ಶಾಯಿಯಲ್ಲಿ ಮುಳುಗಿಸಿ ಕಡ್ಡಿ ಎತ್ತಿದರೆ ಒಳಗಿನ ರಬ್ಬರ್ ಚೀಲ ಅಮುಕಿಕೊಳ್ಳುತ್ತದೆ. ಬಿಟ್ಟು ಹತ್ತು ಎಣಿಸಿದರೆ ಶಾಯಿ ಹೀರಿಕೊಳ್ಳುತ್ತದೆ. ಇಷ್ಟೇ ಕೆಲಸ. ಇದಕ್ಕೆ ಮಾಮಾ ಫ್ಯಾನು ಬಂದ್ ಮಾಡಿಸುತ್ತಾರೆ. ಯಾಕೆಂದು ನನ್ನನ್ನು ಕೇಳಬೇಡಿ!

"ಅಹೋ, ಅನ್ನ ಆರಾಕತ್ತದ, ಬರ್ರಿ!" ಎಂದು ಮಾಮಿ ಒಳಗಿನಿಂದ ಕೂಗುತ್ತಾರೆ.

"ಥಾಂಬ, ತಡಿ! ಹತ್ತು ಎಣಸೂದ್ರಾಗ ಏಳಕ್ಕ ಬಂದೀನಿ. ಈಗ ಮತ್ತ ಒಂದರಿಂದ ಹಿಡೀಬೇಕು!"

ಒಮ್ಮೆ ಸೊಲ್ಲಾಪುರದ ಬಸ್ಸಿನಲ್ಲಿ ಯಾತ್ರಿಕರ ನೂಕುನುಗ್ಗಲು. ಯಾರದೋ ಬ್ಯಾಗಿನ ಬಾರು ಮಾಮಾನ ಜೇಬಿನಲ್ಲಿದ್ದ ಪೆನ್ನಿನ ಕಡ್ಡಿಗೆ ಸಿಕ್ಕಿ, ಅದನ್ನು ಎತ್ತಿಬಿಟ್ಟಿತು. ಬಿಳಿ ಅಂಗಿಯ ಎದೆಯ ಮೇಲೆ ನೀಲಿ ಹರಡತೊಡಗಿತು. ಪಕ್ಕದ ಹೆಂಗಸು ಚೀರಿದಳು. ಕಂಡಕ್ಟರ್ ಬಸ್ಸನ್ನೇ ನಿಲ್ಲಿಸಿದ.

"ಕಾಕಾ, ಎದಿಗೆ ಏನಾತ್ರಿ?"

"ಎದಿಗೇನಾಗಿಲ್ಲೋ ಮಾರಾಯಾ! ಕಡ್ಡಿ ಮುರದದೇನು ನೋಡು ಮೊದಲ!"

ಹೋದ ವರ್ಷ ಆ ರಬ್ಬರ್ ಚೀಲ ಹರಿಯಿತು. ಸೊಲ್ಲಾಪುರದ ಪೆನ್ನಿನ ಅಂಗಡಿಯವರೆಲ್ಲ ಕೈಚೆಲ್ಲಿದರು. ಮಾಮಾ ನೇರ ಸೈಕಲ್ ರಿಪೇರಿಯವನ ಹತ್ತಿರ ಹೋದರು.

"ಪಂಕ್ಚರ್ ಆಗೇದಪಾ."

"ಗಾಡಿ ಎಲ್ಲದರಿ ಕಾಕಾ?"

ಮಾಮಾ ಜೇಬಿನಿಂದ ಪೆನ್ನು ತೆಗೆದು ತೋರಿಸಿದರು. ಅವನೂ ಅದೇ ಜಾತಿಯ ಪ್ರಾಣಿ ಇರಬೇಕು, ನಗಲಿಲ್ಲ! ತೆಳುವಾದ ರಬ್ಬರ್ ನಳಿಗೆ ಕತ್ತರಿಸಿ, ಒಂದು ತುದಿ ಬಿಗಿದು, ಸಲ್ಯೂಷನ್ ಹಚ್ಚಿ ಕೂರಿಸಿದ. ಪೆನ್ನು ಬರೆಯಿತು! "ಹವಾ ಮಾತ್ರ ತುಂಬಬ್ಯಾಡ್ರಿ" ಎಂದು ಹೇಳಿ ಕಳಿಸಿದ.

ಈ ಚಳಿಗಾಲದಲ್ಲಿ ನನ್ನ ಅವ್ವನಿಗೆ, ಅಂದರೆ ಮಾಮಾನ ತಂಗಿಗೆ, ಸೊಲ್ಲಾಪುರದಲ್ಲಿ ಗಂಟಲಿನ ಆಪರೇಷನ್ ಆಯಿತು. ಧ್ವನಿ ಮರಳುತ್ತದೋ ಇಲ್ಲವೋ, ಡಾಕ್ಟರೂ ಖಚಿತವಾಗಿ ಹೇಳಲಿಲ್ಲ. ಏನಿದ್ದರೂ ಬರೆದು ತೋರಿಸಬೇಕು. ನರ್ಸು ಬಾಲ್‌ಪೆನ್ನು ಕೊಟ್ಟಳು. ಅದನ್ನು ಒತ್ತುವಷ್ಟು ಶಕ್ತಿಯೂ ಅವ್ವನ ಬೆರಳುಗಳಲ್ಲಿರಲಿಲ್ಲ; ಕಾಗದದ ಮೇಲೆ ಗೀರು ಬಿತ್ತು, ಅಕ್ಷರ ಮೂಡಲಿಲ್ಲ. ಅವ್ವ ಪೆನ್ನು ಬಿಟ್ಟು ಗೋಡೆಯ ಕಡೆ ತಿರುಗಿದಳು.

ಮಾಮಾ ತಮ್ಮ ಪೆನ್ನಿನ ಟೊಪ್ಪಿಗೆ ತೆಗೆದು ಅವಳ ಬೆರಳುಗಳ ನಡುವೆ ಇಟ್ಟರು.

"ಒತ್ತಬ್ಯಾಡವಾ. ಸುಮ್ನ ಹಿಡಿ, ಅದ ಬರೀತದ."

ಶಾಯಿ ತಾನಾಗಿ ಹರಿಯಿತು. ಅವ್ವ ಬಹಳ ಹೊತ್ತು ಹಿಡಿದು ಎರಡೇ ಪದ ಬರೆದಳು: "ಅಣ್ಣಾ, ಅಂಜಬ್ಯಾಡ."

ಅವ್ವನ ಕಿವಿಗೆ ಏನೂ ಆಗಿರಲಿಲ್ಲ, ಮಾಮಾ ಬಾಯಿಂದಲೇ ಹೇಳಬಹುದಿತ್ತು. ಆದರೂ ಪೆನ್ನು ತೆಗೆದುಕೊಂಡು ಅವಳ ಸಾಲಿನ ಕೆಳಗೆ ಬರೆದರು: "ಅಂಜಿಲ್ಲ." ಅವ್ವನ ಅಕ್ಷರಕ್ಕಿಂತ ಅವರದೇ ಹೆಚ್ಚು ಸೊಟ್ಟಗಿತ್ತು.

ಅವ್ವನ ಧ್ವನಿ ಹದಿನೈದು ದಿನಕ್ಕೆ ಮರಳಿತು. ಮಾಮಾನದು ಆ "ಅಂಜಿಲ್ಲ" ಬರೆದ ದಿನ ಸಂಜೆಯ ಬಸ್ಸು ಹತ್ತುವವರೆಗೂ ಮರಳಲಿಲ್ಲ.