ನಾಡಿ ಬಡಿಯದ ಪಂಪಿಗೊಂದು ಬಿನ್ನಹ

ನನ್ನ ಎದೆಯೊಳಗೆ ಬಿಡಾರ ಹೂಡಿರುವ ಹೃದಯದ ಪಂಪಿನವರ ಸನ್ನಿಧಿಗೆ,
ಶೆಟಗೇರಿಯಿಂದ, ಮೇ ೨೦೦೯

ಮಾನ್ಯರೇ,

ಸೊಂಟಕ್ಕೆ ಕಟ್ಟಿದ ತಮ್ಮ ಬ್ಯಾಟರಿ ಪೆಟ್ಟಿಗೆಯ ಹಸಿರು ದೀಪ ನೋಡಿ ತಾವು ಕ್ಷೇಮವೆಂದು ತಿಳಿದೆ. ತಾವು ಕ್ಷೇಮವಾದ್ದರಿಂದಲೇ ನಾನೂ ಕ್ಷೇಮ. ಗೇರುಬೀಜದ ಬುಟ್ಟಿ ಹೊತ್ತು ಶುರುಮಾಡಿ ಅಂಕೋಲೆ ಪೇಟೆಯಲ್ಲಿ ಸ್ವಂತ ಅಂಗಡಿ ಹಾಕಿದ ನಾನು, ಹೇಳಿದ್ದಕ್ಕಿಂತ ಕಡಿಮೆ ಕೆಲಸ ಮಾಡಿದವರೊಡನೆ ಜಗಳವಾಡಿದ್ದುಂಟು; ಹೆಚ್ಚು ಮಾಡಿದವರ ಮೇಲೆ ದೂರು ಬರೆಯುತ್ತಿರುವುದು ಇದೇ ಮೊದಲು.

ಸೋತ ಹೃದಯಕ್ಕೆ ನೆರವಾಗಿ ರಕ್ತ ತಳ್ಳುವುದಷ್ಟೇ ತಮಗೆ ಒಪ್ಪಿಸಿದ ಕೆಲಸ. ತಾವೋ, ನನ್ನನ್ನು ಪೇಟೆಯ ತನಕ ನಡೆಸಿದ್ದಲ್ಲದೆ, ಯಾವ ಔಷಧಕ್ಕೂ ಬಗ್ಗದಿದ್ದ ಸಕ್ಕರೆ ಕಾಯಿಲೆಯನ್ನೂ ಬಗ್ಗಿಸಿಬಿಟ್ಟಿರಿ. ಪಂಪು ಕೂತಮೇಲೆ ಸಕ್ಕರೆ ಇಳಿಯಬಹುದು, ಪರೀಕ್ಷಿಸಿ ಇನ್ಸುಲಿನ್ ಕಡಿಮೆ ಮಾಡಿಸಿಕೊಳ್ಳಿ ಎಂದು ಮುಂಬೈಯ ಡಾಕ್ಟರು ಹೇಳಿದ್ದರು, ನಿಜ. ರಕ್ತ ತಳ್ಳುವ ಯಂತ್ರಕ್ಕೂ ಸಕ್ಕರೆಗೂ ಏನು ಸಂಬಂಧವೆಂದು ನಾನು ಹಳೆಯ ಲೆಕ್ಕದಲ್ಲೇ ಚುಚ್ಚಿಕೊಂಡೆ.

ಪರಿಣಾಮವಾಗಿ, ಸಂತೆಯ ದಿನ ಸುಕ್ರಿಯ ಬುಟ್ಟಿಯೆದುರು ಇಶಾಡು ಮಾವಿನ ದರಕ್ಕೆ ಚೌಕಾಸಿ ಮಾಡುತ್ತಿದ್ದವನು ಬೆವೆತು, ನಡುಗಿ, ಕುಸಿದೆ. ನಾಡಿ ಹಿಡಿಯುವುದರಲ್ಲಿ ಹೆಸರಾದ ಜಟ್ಟು ಓಡಿಬಂದು ಮಣಿಕಟ್ಟು ಹಿಡಿದ. ತಾವು ಬಡಿಯುವವರಲ್ಲ, ಒಂದೇ ಸಮನೆ ಹರಿಸುವವರು. ಅವನ ಬೆರಳಿಗೆ ಏನೂ ಸಿಗಲಿಲ್ಲ. "ನಾಡಿನೇ ಇಲ್ಲಾ ಮಾರಾಯಾ, ಬೊಮ್ಮಯ್ಯ ಹೋದ" ಎಂದು ಸಂತೆಗೆಲ್ಲ ಸಾರಿದ. ಅದುವರೆಗೆ ನನ್ನನ್ನು ಜಿಪುಣನೆಂದು ಬಯ್ಯುತ್ತಿದ್ದ ಸುಕ್ರಿ, ನಾನೆಂಥ ಸಜ್ಜನನೆಂದು ಅಳತೊಡಗಿದಳು. ಯಾರೋ ಮುಖಕ್ಕೆ ಟವೆಲನ್ನೂ ಎಳೆದರು. ನನಗೆ ಎಲ್ಲ ಕೇಳುತ್ತಿತ್ತು. ನಾಲಿಗೆ ಮಾತ್ರ ಏಳಲಿಲ್ಲ.

ಅಷ್ಟರಲ್ಲಿ ಮೀನು ಕೊಳ್ಳಲು ಹೋಗಿದ್ದ ನನ್ನ ಹೆಂಡತಿ ನಾಗಮ್ಮ ಬಂದು, ಎದೆಗೆ ಕಿವಿಯಿಟ್ಟು, ತಮ್ಮ ಗುಂಯ್‌ಗಾನ ಕೇಳಿ, ಬೆವರು ನೋಡಿ ಸಕ್ಕರೆ ಇಳಿದದ್ದೆಂದು ತಿಳಿದು, "ಕೈ ಬಿಡು ಜಟ್ಟಣ್ಣ, ಬೆಲ್ಲ ತಗಂಬಾ!" ಎಂದು ಗದರಿ, ಪಾಕದಂಥ ಜೋನಿಬೆಲ್ಲವನ್ನು ಒಸಡಿಗೆ ಸವರಿದಳು. ನಾನು ಕಣ್ಣು ಬಿಟ್ಟದ್ದೇ ತಡ, ಸುಕ್ರಿ ನನ್ನ ಸಜ್ಜನಿಕೆಯನ್ನು ಹಿಂದಕ್ಕೆ ಪಡೆದು ಮಾವಿನ ದರ ಏರಿಸಿದಳು.

ಆದ್ದರಿಂದ ಕೈಮುಗಿದು ಕೇಳುವುದೇನೆಂದರೆ, ಇನ್ನು ಮುಂದೆ ಸಕ್ಕರೆ ಇಳಿಸುವ ಮುನ್ನ ಒಂದು ಮಾತು ತಿಳಿಸಬೇಕು. ಜಟ್ಟು ಕೈಹಿಡಿದಾಗ ಅವನ ಮರ್ಯಾದೆಗಾದರೂ ಎರಡು ಸಲ ಬಡಿಯಬೇಕು. ಕರೆಂಟು ಹೋದ ದಿನ ಬ್ಯಾಟರಿ ಬಿಟ್ಟು ಮೀನುಸಾರಿನ ಮೇಲೆ ಓಡಲು ಸಾಧ್ಯವೇ ಎಂಬುದನ್ನೂ ದಯವಿಟ್ಟು ಪರಿಶೀಲಿಸಬೇಕು.

ಪ್ಲಗ್ಗು ಕೀಳುತ್ತೇನೆಂದು ಹೆದರಿಸಲೂ ಆಗದ,
ತಮ್ಮ ವಿಶ್ವಾಸಿ,
ಬೊಮ್ಮಯ್ಯ

ತಾ.ಕ.: ಡಾಕ್ಟರು ಇನ್ಸುಲಿನ್ ಅರ್ಧಕ್ಕಿಳಿಸಿದ್ದಾರೆ. ನಾಗಮ್ಮ ನನ್ನ ಕೊರಳಿಗೆ ರಟ್ಟು ಕಟ್ಟಿದ್ದಾಳೆ: 'ನಾಡಿ ಇಲ್ಲ, ಮನುಷ್ಯ ಇದ್ದಾನೆ. ಮೊದಲು ಬೆಲ್ಲ, ಆಮೇಲೆ ಅಳು.' ಜಟ್ಟುವಿಗೆ ಮಾತ್ರ ಇನ್ನೂ ನಂಬಿಕೆ ಬಂದಿಲ್ಲ. ದಿನಾ ಬೆಳಿಗ್ಗೆ ಬಂದು ಮಣಿಕಟ್ಟು ಹಿಡಿದು, ಇಲ್ಲವೆಂದು ತಲೆಯಾಡಿಸಿ, ಸತ್ತವನ ಎದುರೇ ಕೂತು ಚಾ ಕುಡಿದು ಹೋಗುತ್ತಾನೆ.